12ರ ಮಗನ ಮೊಣಕೈ ನೋವು: ಪಿಚಿಂಗ್ ನಿಲ್ಲಿಸಬೇಕಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಊರು ದಾವಣಗೆರೆ ಕಡೆ. ಮಗನಿಗೆ 12 ವರ್ಷ. ಬೇಸ್‌ಬಾಲ್ ಅಂದರೆ ಪ್ರಾಣ, ಪಿಚರ್ (ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನು). ಇಲ್ಲಿನ ಲೀಗ್ ಟೀಮಿನ ಜೊತೆಗೆ ಕಳೆದ ವರ್ಷದಿಂದ ಬೇರೆ ಊರುಗಳಿಗೆ ಹೋಗಿ ಆಡುವ ಟ್ರಾವೆಲ್ ಟೀಮಿಗೂ ಆಡುತ್ತಿದ್ದಾನೆ. ಪಿಚ್ ಮಾಡದ ದಿನ ಕ್ಯಾಚರ್ ಆಗಿ, ಬ್ಯಾಟ್ ಮಾಡುವವನ ಹಿಂದೆ ಚೆಂಡು ಹಿಡಿಯಲು ಕೂರಿಸುತ್ತಾರೆ. ಚಳಿಗಾಲದಲ್ಲೂ ಇನ್‌ಡೋರ್ ಪ್ರಾಕ್ಟೀಸ್ ನಡೆದೇ ಇತ್ತು. ಮೂರು ವಾರದಿಂದ ಬಲ ಮೊಣಕೈಯ ಒಳಬದಿ ನೋವು ಅನ್ನುತ್ತಿದ್ದಾನೆ. ಎರಡು ದಿನ ಬಿಟ್ಟರೆ ಕಡಿಮೆ, ಮತ್ತೆ ಆಡಿದರೆ ಜಾಸ್ತಿ. ಕಳೆದ ಶನಿವಾರ ಒಂದು ಟೀಮಿಗೆ 60 ಎಸೆತ, ಭಾನುವಾರ ಇನ್ನೊಂದಕ್ಕೆ 45. ಆ ರಾತ್ರಿ ಕೈ ಪೂರ್ತಿ ಚಾಚಲು ಆಗಲಿಲ್ಲ. ಕೋಚ್ "ಬೆಳೆಯೋ ವಯಸ್ಸಿನ ನೋವು, ಐಸ್ ಇಡಿ" ಅಂದರು. ನಮ್ಮ ಯಜಮಾನರು "ನಾವು ಮೈದಾನದಲ್ಲಿ ದಿನವಿಡೀ ಬೌಲಿಂಗ್ ಮಾಡ್ತಿದ್ವಿ, ಏನೂ ಆಗ್ಲಿಲ್ಲ" ಅಂತಾರೆ. ಅತ್ತೆ ಎಣ್ಣೆ ಹಚ್ಚಿ ತಿಕ್ಕು ಅಂತಾರೆ. ಟೀಮಿನ ಇನ್ನೊಬ್ಬ ಹುಡುಗನ ತಂದೆ "ಟಾಮಿ ಜಾನ್ ಆಪರೇಷನ್ ಆದ್ರೆ ಕೈಗೆ ಇನ್ನೂ ವೇಗ ಬರುತ್ತೆ" ಅಂದರು. ಅದು ಮೊಣಕೈಗೆ ಮಾಡುವ ಆಪರೇಷನ್ ಅಂತೆ. ಬಾಗಿ ಹೋಗುವ ಎಸೆತ, ಕರ್ವ್‌ಬಾಲ್, ಕಲಿತಿದ್ದರಿಂದ ಹೀಗಾಯಿತೇ? ಆಗಸ್ಟ್‌ನಲ್ಲಿ ದೊಡ್ಡ ಟೂರ್ನಮೆಂಟ್ ಇದೆ. ಪಿಚಿಂಗ್ ನಿಲ್ಲಿಸಬೇಕಾ?

ಉತ್ತರ: ಮೊದಲು ಈ ವಾರದ ಮಾತು ಹೇಳಿಬಿಡುತ್ತೇನೆ. ಎಸೆಯುವುದನ್ನು ಇವತ್ತೇ ನಿಲ್ಲಿಸಿ. ಪಿಚಿಂಗ್ ಮಾತ್ರ ಅಲ್ಲ, ಕ್ಯಾಚರ್ ಕೆಲಸವೂ ಬೇಡ, ಹಿತ್ತಲಲ್ಲಿ ಅಪ್ಪನ ಜೊತೆ ಚೆಂಡು ಎಸೆದಾಡುವುದೂ ಬೇಡ. ಮಕ್ಕಳ ಮೂಳೆ ಅಥವಾ ಕ್ರೀಡಾ ಗಾಯ ನೋಡುವ ಡಾಕ್ಟರ ಹತ್ತಿರ ಈ ವಾರವೇ ಹೋಗಿ. ಮೂರು ವಾರದ ನೋವಿಗಿಂತ ನನಗೆ ಆತಂಕ ತಂದದ್ದು ನಿಮ್ಮ ಪತ್ರದ ಒಂದು ಸಾಲು: ಆ ರಾತ್ರಿ ಕೈ ಪೂರ್ತಿ ಚಾಚಲು ಆಗಲಿಲ್ಲ. 12 ವರ್ಷದ ಹುಡುಗನ ಮೊಣಕೈ ನೆಟ್ಟಗಾಗದಿದ್ದರೆ ನಾವು ಡಾಕ್ಟರುಗಳು ಕಾದು ನೋಡುವುದಿಲ್ಲ, ಎಕ್ಸ್‌-ರೇ ತೆಗೆಸುತ್ತೇವೆ.

ಹಾಗಂತ ಎದೆ ಒಡೆದುಕೊಳ್ಳಬೇಡಿ. ಕೈ ಮುಟ್ಟಿ ನೋಡದೆ ಕಾಯಿಲೆಗೆ ಹೆಸರಿಡುವುದು ತಪ್ಪು. ಆದರೆ ಈ ವಯಸ್ಸು, ಈ ಜಾಗ, ಈ ಲೆಕ್ಕ ನೋಡಿದರೆ ಹೆಚ್ಚಾಗಿ ಇದು ನಾವು ಲಿಟಲ್ ಲೀಗ್ ಎಲ್ಬೋ ಅನ್ನುವ ತೊಂದರೆ (ಲಿಟಲ್ ಲೀಗ್ ಅಂದರೆ ಮಕ್ಕಳ ಬೇಸ್‌ಬಾಲ್ ಸಂಸ್ಥೆ). ಬೇಗ ಹಿಡಿದರೆ, ನಿಜವಾಗಿ ವಿಶ್ರಾಂತಿ ಕೊಟ್ಟರೆ, ಹೆಚ್ಚಿನ ಮಕ್ಕಳು ಆಪರೇಷನ್ ಇಲ್ಲದೆ ಮತ್ತೆ ಆಟಕ್ಕೆ ಬರುತ್ತಾರೆ.

ಒಳಗೆ ಏನಾಗುತ್ತಿದೆ ಅಂತ ಹೇಳುತ್ತೇನೆ. ಮೊಣಕೈಯ ಒಳಬದಿ ಬೆರಳಿಟ್ಟು ನೋಡಿದರೆ ಒಂದು ಗಂಟಿನಂಥ ಮೂಳೆ ಸಿಗುತ್ತದೆ. ಮಣಿಕಟ್ಟನ್ನು ಮಡಿಸುವ ಸ್ನಾಯುಗಳೂ ಮೊಣಕೈ ಒಳಗಿನಿಂದ ಬಾಯಿಬಿಡದಂತೆ ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಪಟ್ಟಿ, ಅಂದರೆ ಲಿಗಮೆಂಟೂ ಅಂಟಿಕೊಂಡಿರುವುದು ಅದಕ್ಕೇ. ದೊಡ್ಡವರಲ್ಲಿ ಆ ಗಂಟು ಕೈಮೂಳೆಯ ಜೊತೆ ಒಂದಾಗಿರುತ್ತದೆ. ನಿಮ್ಮ ಮಗನಲ್ಲಿ ಇನ್ನೂ ಇಲ್ಲ. ನಡುವೆ ಮೂಳೆ ಬೆಳೆಯುವ ಮೆತ್ತನೆಯ ಪದರ ಇದೆ, ಅದೇ ಗ್ರೋತ್ ಪ್ಲೇಟ್. ಮೊಣಕೈಯಲ್ಲಿ ಎಲ್ಲಕ್ಕಿಂತ ಕೊನೆಗೆ ಕೂಡಿಕೊಳ್ಳುವುದು ಇದು, ಹುಡುಗರಲ್ಲಿ ಸುಮಾರು 15ರಿಂದ 17ರ ಹೊತ್ತಿಗೆ. ಮಳೆಗೆ ನೆನೆದ ನೆಲದಲ್ಲಿ ಗೂಟ ಹೊಡೆದು ಹೋರಿ ಕಟ್ಟಿದರೆ ಹಗ್ಗ ಹರಿಯುವ ಮೊದಲು ಗೂಟವೇ ಕಿತ್ತು ಬರುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. 25 ವರ್ಷದ ಪಿಚರ್‌ಗೆ ಲಿಗಮೆಂಟ್ ಹರಿಯುತ್ತದೆ. 12ರ ಹುಡುಗನಿಗೆ ಲಿಗಮೆಂಟ್ ಗಟ್ಟಿಯಾಗಿಯೇ ಇರುತ್ತದೆ, ಅದು ಅಂಟಿರುವ ಮೂಳೆ ಜಗ್ಗಿ ಸಡಿಲವಾಗುತ್ತದೆ. ಒಂದೊಂದು ಸಲ ಒಂದೇ ಎಸೆತದಲ್ಲಿ ಟಪ್ ಅಂತ ಚೂರೇ ಕಿತ್ತು ಬರುವುದುಂಟು.

ಬಲ ಎಷ್ಟು ಬೀಳುತ್ತದೆ ಅನ್ನುವುದನ್ನು ಅಳೆದಿದ್ದಾರೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನವರ ಅಳತೆಯಲ್ಲಿ ವೃತ್ತಿಪರ ಪಿಚರ್‌ನ ಮೊಣಕೈ ಮೇಲೆ ಪ್ರತಿ ಎಸೆತಕ್ಕೂ ಸುಮಾರು 64 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ. ಚಿಕ್ಕ ಹುಡುಗರಲ್ಲಿ ಸುಮಾರು 28. ಶವಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ದೊಡ್ಡವರ ಆ ಲಿಗಮೆಂಟ್ ಒಂದೇ ಹರಿಯುವುದು 32ರ ಆಸುಪಾಸಿನಲ್ಲಿ. ಹಾಗಾದರೆ ದಿನಾ ಎಸೆಯುವವರ ಮೊಣಕೈ ಉಳಿಯುವುದು ಹೇಗೆ? ಸುತ್ತಲಿನ ಸ್ನಾಯುಗಳು ಬಿಗಿಯಾಗಿ ಹಿಡಿದು ಉಳಿದ ಭಾರ ಹೊರುತ್ತವೆ. ಸ್ನಾಯು ದಣಿದ ಮೇಲೆ ಆ ಹಿಡಿತ ಸಡಿಲ. ಆಗ ಭಾರವೆಲ್ಲ ಲಿಗಮೆಂಟಿನ ಮೇಲೆ, ಮಕ್ಕಳಲ್ಲಿ ಆ ಎಳೆ ಮೂಳೆಯ ಮೇಲೆ.

ಅದಕ್ಕೇ ನಾನು ಪೋಷಕರ ಹತ್ತಿರ ವೇಗದ ಬಗ್ಗೆ ಕೇಳುವ ಮೊದಲು ದಣಿವಿನ ಬಗ್ಗೆ ಕೇಳುತ್ತೇನೆ. ಅದೇ ಸಂಸ್ಥೆಯವರು 2006ರಲ್ಲಿ ಆಪರೇಷನ್ ಆದ ಹದಿಹರೆಯದ ಪಿಚರ್‌ಗಳನ್ನೂ ಗಾಯವೇ ಆಗದವರನ್ನೂ ಹೋಲಿಸಿ ನೋಡಿದರು. ಕೈ ಸೋತಿದ್ದರೂ ಮತ್ತೆ ಮತ್ತೆ ಪಿಚ್ ಮಾಡುತ್ತಿದ್ದವರಿಗೆ ಆಪರೇಷನ್‌ವರೆಗೆ ಹೋಗುವ ಸಾಧ್ಯತೆ 36 ಪಟ್ಟು. ವರ್ಷಕ್ಕೆ 8 ತಿಂಗಳಿಗಿಂತ ಜಾಸ್ತಿ ಪಿಚ್ ಮಾಡುವವರಿಗೆ 5 ಪಟ್ಟು. 9ರಿಂದ 14 ವರ್ಷದ ಹುಡುಗರನ್ನು ಹತ್ತು ವರ್ಷ ಹಿಂಬಾಲಿಸಿದ ಇನ್ನೊಂದು ಅಧ್ಯಯನ 2011ರಲ್ಲಿ ಬಂತು. ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ (ಬೇಸ್‌ಬಾಲ್‌ನಲ್ಲಿ ಇದು ಒಂದೇ ಪಂದ್ಯದಲ್ಲಿ ಹಲವು ಸಲ ಬರುವ ಸರದಿ) ಜಾಸ್ತಿ ಪಿಚ್ ಮಾಡಿದವರಿಗೆ ದೊಡ್ಡ ಗಾಯದ ಸಾಧ್ಯತೆ 3.5 ಪಟ್ಟು ಇತ್ತು.

ದಣಿವು ಗ್ಯಾಲರಿಯಲ್ಲಿ ಕೂತವರಿಗೂ ಕಾಣುತ್ತದೆ, ನೋಡಲು ಕಲಿಯಬೇಕು ಅಷ್ಟೆ. ಎಸೆಯುವಾಗ ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಚೆಂಡು ಪದೇ ಪದೇ ಮೇಲಕ್ಕೆ ಹೋಗುತ್ತದೆ. ಎರಡು ಎಸೆತಗಳ ನಡುವೆ ಹುಡುಗ ಪಿಚರ್ ನಿಲ್ಲುವ ದಿಬ್ಬದ ಹಿಂದೆ ಸುತ್ತು ಹೊಡೆಯುತ್ತಾನೆ, ಕೈ ಒದರುತ್ತಾನೆ, ಟೋಪಿ ಸರಿ ಮಾಡಿಕೊಳ್ಳುತ್ತಾನೆ. ಕೇಳಿದರೆ "ಐ ಆಮ್ ಫೈನ್" ಅನ್ನುತ್ತಾನೆ. ಆ ಮಾತನ್ನು ನಂಬಬೇಡಿ. ಅವನು ಸುಳ್ಳು ಹೇಳುತ್ತಿಲ್ಲ, ಆಟದಿಂದ ಹೊರಗೆ ಕೂರಲು ಅವನಿಗೆ ಇಷ್ಟವಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಅನ್ನುವ ನಿಯಮಾವಳಿ ತಂದರು. 11–12 ವಯಸ್ಸಿಗೆ ಒಂದು ದಿನಕ್ಕೆ ಗರಿಷ್ಠ 85 ಎಸೆತ. ಅದಷ್ಟೇ ನೋಡಿದರೆ ನಿಮ್ಮ ಮಗನ 60 ಸರಿಯಾಗಿದೆ, 45 ಕೂಡ ಸರಿಯಾಗಿದೆ. ಇಬ್ಬರು ಕೋಚ್‌ಗಳೂ ತಾವು ಮಿತಿಯಲ್ಲೇ ಇದ್ದೇವೆ ಅಂದುಕೊಂಡಿರುತ್ತಾರೆ. ಆದರೆ ಅದೇ ನಿಯಮದಲ್ಲಿ ವಿಶ್ರಾಂತಿಯ ಲೆಕ್ಕವೂ ಇದೆ. 51ರಿಂದ 65 ಎಸೆತ ಆದರೆ 3 ದಿನ ಪಿಚ್ ಮಾಡುವಂತಿಲ್ಲ. 66 ಮುಟ್ಟಿದರೆ 4 ದಿನ. ಶನಿವಾರ 60 ಎಸೆದ ಹುಡುಗ ಬುಧವಾರದವರೆಗೆ ದಿಬ್ಬ ಹತ್ತಲೇಬಾರದಿತ್ತು. ಅವನು ಭಾನುವಾರ ಹತ್ತಿದ. ಜೊತೆಗೆ 9ರಿಂದ 12 ವಯಸ್ಸಿನವರು ವರ್ಷಕ್ಕೆ ಒಟ್ಟು 80 ಇನ್ನಿಂಗ್ಸ್ ದಾಟಬಾರದು, ವರ್ಷದಲ್ಲಿ ಕನಿಷ್ಠ 4 ತಿಂಗಳು ಎಸೆತದಿಂದ ಬಿಡುವು ಬೇಕು, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೇ ಇರಬೇಕು. ನಿಮ್ಮ ಮಗನಿಗೆ ಚಳಿಗಾಲದಲ್ಲೂ ಬಿಡುವು ಸಿಕ್ಕಿಲ್ಲ.

ಈ ಸಂಖ್ಯೆಗಳಲ್ಲಿ ಸೇರದೇ ಹೋಗುವ ಎಸೆತಗಳೂ ಇವೆ. ಆಟಕ್ಕೆ ಮುಂಚಿನ ವಾರ್ಮ್-ಅಪ್, ಇನ್ನಿಂಗ್ಸ್ ನಡುವಿನ ಎಸೆತ, ವಾರದ ಮಧ್ಯದ ಪಾಠ. ಕ್ಯಾಚರ್ ಆದವನು ಬಂದ ಚೆಂಡನ್ನೆಲ್ಲ ಪಿಚರ್‌ಗೆ ವಾಪಸ್ ಎಸೆಯುತ್ತಾನೆ, ನಡುವೆ ಎರಡನೇ ಬೇಸ್‌ಗೆ (ಓಡುವವನು ಮುಟ್ಟಬೇಕಾದ ಗುರುತು) ಪೂರ್ತಿ ಜೋರಿನಿಂದ. ಅದಕ್ಕೇ ಲಿಟಲ್ ಲೀಗ್‌ನಲ್ಲಿ 41 ಎಸೆತ ಮುಟ್ಟಿದ ಪಿಚರ್ ಅದೇ ದಿನ ಕ್ಯಾಚರ್ ಆಗುವಂತಿಲ್ಲ ಅನ್ನುವ ನಿಯಮ ಇದೆ. ಲಿಟಲ್ ಲೀಗ್ ಎಸೆತಗಳನ್ನು ಎಣಿಸಲು ಶುರು ಮಾಡಿದ್ದು 2007ರಲ್ಲಿ. ಅದಕ್ಕೆ ಮೊದಲು ಇನ್ನಿಂಗ್ಸ್ ಮಾತ್ರ ಎಣಿಸುತ್ತಿದ್ದರು. ಆದರೂ ಎರಡು ಟೀಮುಗಳ ಲೆಕ್ಕ ಕೂಡಿಸುವವರು ಇವತ್ತಿಗೂ ಯಾರೂ ಇಲ್ಲ. ಅದು ಮನೆಯವರೇ ಮಾಡಬೇಕಾದ ಕೆಲಸ. ಕೈಯಲ್ಲೊಂದು ಎಣಿಕೆ ಕ್ಲಿಕ್ಕರ್, ಫ್ರಿಜ್ ಮೇಲೊಂದು ಹಾಳೆ ಸಾಕು.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ, ಯಾಕೆಂದರೆ ಇಲ್ಲಿನ ನಮ್ಮ ಜನರ ಮನೆಗಳಲ್ಲಿ ಈ ಮಾತು ಬಹಳ ಕೇಳುತ್ತೇನೆ. ಕ್ರಿಕೆಟ್‌ನಲ್ಲಿ ಬೌಲರ್ ಓಡಿ ಬಂದು ಹೆಚ್ಚುಕಡಿಮೆ ನೇರ ಕೈಯಿಂದ ಚೆಂಡು ಬಿಡುತ್ತಾನೆ. ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೀಡಿಕೊಂಡರೆ ಅದು ನೋಬಾಲ್. ಬೇಸ್‌ಬಾಲ್ ಪಿಚರ್ ನಿಂತಲ್ಲಿಂದಲೇ ಶುರು ಮಾಡುತ್ತಾನೆ. ಕೈ ಹಿಂದಕ್ಕೆ ಬಾಗಿ, ಮೊಣಕೈ ಮಡಿಸಿ, ಚಾಟಿ ಬೀಸಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಭುಜ ತಿರುಗುವ ಆ ವೇಗ ದೊಡ್ಡ ಪಿಚರ್‌ಗಳಲ್ಲಿ ಸೆಕೆಂಡಿಗೆ 7,000 ಡಿಗ್ರಿ ಮುಟ್ಟುತ್ತದೆ. ಹೊರೆ ಬೀಳುವ ಜಾಗವೇ ಬೇರೆ. ವೇಗದ ಬೌಲರ್‌ಗೆ ಬೆನ್ನು ಬಿರುಕು ಬಿಡುತ್ತದೆ, ಬುಮ್ರಾ ಬೆನ್ನಿನ ಕಥೆ ಎಲ್ಲರಿಗೂ ಗೊತ್ತು. ಪಿಚರ್‌ಗೆ ಮೊಣಕೈ ಹೋಗುತ್ತದೆ. ಇನ್ನು "ಏನೂ ಆಗ್ಲಿಲ್ಲ" ಅನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಜಾವಗಲ್ ಶ್ರೀನಾಥ್ ಅಷ್ಟು ಗಟ್ಟಿ ಆಳು. ಅವರೂ 1997ರಲ್ಲಿ ಭುಜದ ಗಾಯಕ್ಕೆ ಆಪರೇಷನ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗೆ ಉಳಿದಿದ್ದರು. ಯಜಮಾನರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಅವರ ಬಾಲ್ಯದ ಆಟಕ್ಕೆ ಬಿಡುವು ತಾನಾಗಿ ಬರುತ್ತಿತ್ತು. ಮಳೆ, ಪರೀಕ್ಷೆ, ಬ್ಯಾಟಿಂಗ್ ಸರದಿ, ಬೌಲಿಂಗ್‌ಗೆ ಕಾದು ನಿಂತ ಇನ್ನೂ ಹತ್ತು ಹುಡುಗರು. ಇಲ್ಲಿ ಒಬ್ಬನೇ ಹುಡುಗ, ಎರಡು ಟೀಮ್, ಹನ್ನೆರಡು ತಿಂಗಳು.

ಕೋಚ್ ಹೇಳಿದ "ಬೆಳೆಯೋ ವಯಸ್ಸಿನ ನೋವು" ಒಪ್ಪುವ ಮಾತಲ್ಲ. ಆ ಥರದ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ, ರಾತ್ರಿ ಹೊತ್ತು ಬರುತ್ತದೆ, ಬೆಳಿಗ್ಗೆಗೆ ಹೋಗಿರುತ್ತದೆ. ಎಸೆಯುವ ಕೈಯ ಒಂದೇ ಜಾಗದಲ್ಲಿ, ಎಸೆದ ಮೇಲೆ ಜಾಸ್ತಿಯಾಗುವ ನೋವು ಗಾಯವೇ. ಐಸ್ ಇಟ್ಟರೆ ನೋವು ಮರಗಟ್ಟುತ್ತದೆ, ಮೂಳೆ ಕೂಡುವುದಿಲ್ಲ. ಅತ್ತೆಯವರ ಎಣ್ಣೆಗೆ ನನ್ನ ತಕರಾರಿಲ್ಲ. ಮುಂಗೈ, ಭುಜಕ್ಕೆ ಹಚ್ಚಿ ನಯವಾಗಿ ಸವರಲಿ. ನೋಯುವ ಆ ಗಂಟಿನ ಮೇಲೆ ಮಾತ್ರ ಒತ್ತಿ ತಿಕ್ಕುವುದು ಬೇಡ.

ಕರ್ವ್‌ಬಾಲ್ ವಿಷಯ ಅಂದುಕೊಂಡಷ್ಟು ಸರಳ ಅಲ್ಲ. ಪ್ರಯೋಗಾಲಯದಲ್ಲಿ ಅಳೆದಾಗ ಕರ್ವ್‌ಬಾಲ್ ಮೊಣಕೈ ಮೇಲೆ ಹಾಕುವ ಬಲ ಫಾಸ್ಟ್‌ಬಾಲ್‌ಗಿಂತ ಜಾಸ್ತಿ ಬರಲಿಲ್ಲ. ಆದರೆ ಒಂದು ಸೀಸನ್ ಪೂರ್ತಿ ಹುಡುಗರನ್ನು ಗಮನಿಸಿದ 2002ರ ಅಧ್ಯಯನದಲ್ಲಿ ಕರ್ವ್‌ಬಾಲ್ ಎಸೆಯುವವರಿಗೆ ಭುಜದ ನೋವು, ವೇಗವಾಗಿ ಬಂದು ಪಕ್ಕಕ್ಕೆ ಸರಿಯುವ ಸ್ಲೈಡರ್ ಎಸೆಯುವವರಿಗೆ ಮೊಣಕೈ ನೋವು ಜಾಸ್ತಿ ಕಂಡಿತು. ನನ್ನ ಅಭಿಪ್ರಾಯ ಇಷ್ಟು: ನಿಮ್ಮ ಮಗನ ನೋವಿಗೆ ಕರ್ವ್‌ಬಾಲ್ ಮೂಲ ಅಲ್ಲ, ಎಸೆತದ ರಾಶಿ ಮೂಲ. ಆದರೂ 12ಕ್ಕೆ ಅದರ ಅವಸರ ಇಲ್ಲ. ಫಾಸ್ಟ್‌ಬಾಲ್ ಮತ್ತು ಅದೇ ಥರ ಕೈ ಬೀಸಿ ನಿಧಾನಕ್ಕೆ ಬಿಡುವ ಚೇಂಜ್-ಅಪ್ ಚೆನ್ನಾಗಿ ಬಂದರೆ ಈ ವಯಸ್ಸಿಗೆ ಸಾಕು. ಸ್ಲೈಡರ್ ಅಂತೂ ಬೇಡವೇ ಬೇಡ.

ಟಾಮಿ ಜಾನ್ ಆಪರೇಷನ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಈ ತಪ್ಪು ತಿಳಿವಳಿಕೆ ನಿಜಕ್ಕೂ ಮಕ್ಕಳಿಗೆ ಹಾನಿ ಮಾಡುತ್ತಿದೆ. 1974ರ ಸೆಪ್ಟೆಂಬರ್‌ನಲ್ಲಿ ಡಾ. ಫ್ರಾಂಕ್ ಜೋಬ್ ಲಾಸ್ ಏಂಜಲೀಸ್ ಡಾಡ್ಜರ್ಸ್ ಪಿಚರ್ ಟಾಮಿ ಜಾನ್ ಅವರ ಹರಿದ ಲಿಗಮೆಂಟ್ ಜಾಗಕ್ಕೆ ಇನ್ನೊಂದು ಕೈಯ ಮುಂಗೈ ನರದಂಥ ಎಳೆಯೊಂದನ್ನು ತೆಗೆದು ಕಟ್ಟಿದರು. 1975 ಪೂರ್ತಿ ಜಾನ್ ಆಡಲಿಲ್ಲ. 1976ಕ್ಕೆ ಮರಳಿ ಬಂದು 1989ರವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಆಪರೇಷನ್ ಆದ ಮೇಲಿನವು. ಈ ಸಂಖ್ಯೆ ಕೇಳಿದವರಿಗೆ ಆಪರೇಷನ್‌ನಿಂದಲೇ ಬಲ ಬಂತು ಅನ್ನಿಸುತ್ತದೆ. 2012ರ ಒಂದು ಸಮೀಕ್ಷೆಯಲ್ಲಿ ಗಾಯವೇ ಇಲ್ಲದಿದ್ದರೂ ಆಟ ಸುಧಾರಿಸಲು ಈ ಆಪರೇಷನ್ ಮಾಡಿಸಬಹುದು ಅಂದ ಹೈಸ್ಕೂಲ್ ಆಟಗಾರರು ಸುಮಾರು ಅರ್ಧದಷ್ಟು.

ನಿಜ ಏನು? ಕಟ್ಟಿದ ಎಳೆ ಹೆಚ್ಚೆಂದರೆ ಮೊದಲಿದ್ದ ಲಿಗಮೆಂಟಿನ ಕೆಲಸ ಮಾಡುತ್ತದೆ. ವೇಗ ಕೂಡಿಸುವುದಿಲ್ಲ. ಯಾರಿಗಾದರೂ ವೇಗ ಹೆಚ್ಚಿದ್ದರೆ ಅದು ಒಂದು ವರ್ಷ ಬಿಟ್ಟೂಬಿಡದೆ ಮಾಡಿದ ವ್ಯಾಯಾಮದಿಂದ, ಜೊತೆಗೆ ವಯಸ್ಸಿಗೆ ಮೈ ತುಂಬಿಕೊಂಡಿದ್ದರಿಂದ. ಮತ್ತೆ ಪಿಚ್ ಮಾಡಲು 12ರಿಂದ 18 ತಿಂಗಳು ಬೇಕು. ಎಲ್ಲರೂ ಮರಳುವುದೂ ಇಲ್ಲ. ದೊಡ್ಡ ಅಧ್ಯಯನವೊಂದರಲ್ಲಿ ಹಿಂದಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲಕ್ಕೆ ಬಂದವರು 83 ಶೇಕಡಾ. ಉಳಿದವರ ಕಥೆ ಯಾರೂ ಹೇಳುವುದಿಲ್ಲ. ಜಪಾನ್‌ನ ಹೆಸರಾಂತ ಪಿಚರ್ ಓಹ್ಟಾನಿಯನ್ನೇ ನೋಡಿ. 2018ರಲ್ಲಿ ಒಂದು ಆಪರೇಷನ್, 2023ರಲ್ಲಿ ಅದೇ ಮೊಣಕೈಗೆ ಇನ್ನೊಂದು. ಎರಡನೆಯದಾದ ಮೇಲೆ ಪಂದ್ಯದಲ್ಲಿ ಪಿಚ್ ಮಾಡಲು ದಿಬ್ಬ ಹತ್ತಿದ್ದು 2025ರ ಜೂನ್‌ನಲ್ಲಿ. ಜಗತ್ತಿನ ಅತ್ಯುತ್ತಮ ವೈದ್ಯರು, ಫಿಸಿಯೋಗಳು ಜೊತೆಗಿದ್ದ ಆಟಗಾರನಿಗೇ ಅಷ್ಟು ಕಾಲ ಹಿಡಿಯಿತು.

ಅಷ್ಟಕ್ಕೂ ನಿಮ್ಮ ಮಗನಿಗೆ ಈ ಮಾತು ಅನ್ವಯಿಸುವುದೇ ಇಲ್ಲ. ಅವನ ತೊಂದರೆ ಮೂಳೆಯದ್ದು. ಆದರೆ ಈಗ ಅಸಡ್ಡೆ ಮಾಡಿದರೆ ನಾಲ್ಕೈದು ವರ್ಷಕ್ಕೆ ಅನ್ವಯಿಸಬಹುದು. 2007ರಿಂದ 2011ರವರೆಗಿನ ಅಮೆರಿಕದ ವಿಮಾ ದಾಖಲೆ ನೋಡಿದವರಿಗೆ ಈ ಆಪರೇಷನ್ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 15ರಿಂದ 19ರ ಮಕ್ಕಳು ಅಂತ ಗೊತ್ತಾಯಿತು. ಆ ಸಾಲು ಓದಿದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಡಾಕ್ಟರ ಹತ್ತಿರ ಏನು ನಡೆಯುತ್ತದೆ ಅಂತ ಮೊದಲೇ ತಿಳಿದಿರಲಿ. ನಾನಾದರೆ ಮೊದಲು ಎರಡೂ ಕೈ ಮುಂದೆ ಚಾಚಿಸಿ, ಅಂಗೈ ಮೇಲೆ ಮಾಡಿಸಿ, ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಎಸೆಯುವ ಕೈ ನಾಲ್ಕೈದು ಡಿಗ್ರಿ ಕಡಿಮೆ ಚಾಚಿದರೂ ಕಣ್ಣಿಗೆ ಬೀಳುತ್ತದೆ. ಆಮೇಲೆ ಒಳಬದಿಯ ಗಂಟನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ. ಬಾಯಲ್ಲಿ "ಸ್ವಲ್ಪ" ಅನ್ನುವ ಹುಡುಗ ಭುಜ ಮೇಲಕ್ಕೆ ಎಳೆದುಕೊಂಡರೆ ಉತ್ತರ ಸಿಕ್ಕಿತು. ಹೊರಬದಿಯನ್ನೂ ಒತ್ತಿ ನೋಡುತ್ತೇನೆ. ಅಲ್ಲಿ ನೋವಿದ್ದು, ಮೊಣಕೈ ನಡುವೆ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತಿದ್ದರೆ ಅದು ಬೇರೆ ಕಾಯಿಲೆ: ಕೀಲಿನ ಮೃದ್ವಸ್ಥಿ ಮತ್ತು ಅದರ ಕೆಳಗಿನ ಮೂಳೆ ರಕ್ತ ಸಾಲದೆ ಕೆಡುವುದು. ಒಳಬದಿ ನೋವಿಗಿಂತ ಅದು ಗಂಭೀರ. ತಿಂಗಳುಗಟ್ಟಲೆ ವಿಶ್ರಾಂತಿ ಬೇಕಾಗುತ್ತದೆ, ಚೂರು ಸಡಿಲವಾಗಿದ್ದರೆ ಆಪರೇಷನ್ನೂ ಬೇಕು. ಕೈ ಚಾಚಲು ಆಗಲಿಲ್ಲ ಅಂದಾಗ ನನ್ನ ಮನಸ್ಸಿಗೆ ಬಂದ ಅನುಮಾನಗಳಲ್ಲಿ ಇದೂ ಒಂದು. ಎಕ್ಸ್‌-ರೇ ಎರಡೂ ಮೊಣಕೈಗೆ ತೆಗೆಸಿ ಅಂತ ಕೇಳಿ, ಹೋಲಿಸಿ ನೋಡಿದರೇ ಗ್ರೋತ್ ಪ್ಲೇಟ್ ಅಗಲವಾದದ್ದು ಗೊತ್ತಾಗುವುದು. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಎಕ್ಸ್‌-ರೇಯಲ್ಲಿ ಅನುಮಾನ ಬಂದರೆ, ಅಥವಾ ವಿಶ್ರಾಂತಿ ಕೊಟ್ಟರೂ ನೋವು ಇಳಿಯದಿದ್ದರೆ ಬೇಕು.

ಗ್ರೋತ್ ಪ್ಲೇಟ್ ಉರಿ ಎದ್ದಿದೆ ಅಷ್ಟೇ ಅಂತಾದರೆ ನಾಲ್ಕರಿಂದ ಆರು ವಾರ ಒಂದೂ ಎಸೆತ ಇಲ್ಲ. ಗಂಟು ಒತ್ತಿದರೆ ನೋಯಬಾರದು, ಕೈ ಪೂರ್ತಿ ಚಾಚಬೇಕು. ಆಮೇಲೆ ಫಿಸಿಯೋ ಜೊತೆ ಬೆನ್ನಿನ ರೆಕ್ಕೆ ಮೂಳೆ, ಸೊಂಟ, ತೊಡೆಗಳ ವ್ಯಾಯಾಮ. ಪಿಚ್‌ನ ಬಲ ಬರುವುದು ಕಾಲು ಸೊಂಟದಿಂದ, ಅಲ್ಲಿ ಸೋತರೆ ಕೈ ತೆತ್ತುಕೊಳ್ಳುತ್ತದೆ. ನಂತರ 30 ಅಡಿಯಿಂದ ಮೆಲ್ಲಗೆ ಎಸೆಯುವುದು, ದಿನ ಬಿಟ್ಟು ದಿನ, ನೋವಿಲ್ಲದಿದ್ದರೆ ಮಾತ್ರ ದೂರ ಹೆಚ್ಚಿಸುವುದು. ದಿಬ್ಬ ಕೊನೆಗೆ. ಒಟ್ಟು ಮೂರು ತಿಂಗಳು ಅಂದುಕೊಳ್ಳಿ. ಚೂರು ಕಿತ್ತು ದೂರ ಸರಿದಿದ್ದರೆ ಸ್ಕ್ರೂ ಹಾಕುವ ಮಾತು ಬರಬಹುದು. ಆಗ ಎರಡನೇ ಅಭಿಪ್ರಾಯ ಕೇಳಲು ಸಂಕೋಚ ಬೇಡ.

ಅರ್ಧಂಬರ್ಧ ದಾರಿ ಹಿಡಿಯುವವರೂ ಇದ್ದಾರೆ. ಪಿಚಿಂಗ್ ಬಿಟ್ಟು ಎರಡನೇ ಮೂರನೇ ಬೇಸ್ ನಡುವಿನ ಜಾಗವಾದ ಶಾರ್ಟ್‌ಸ್ಟಾಪ್‌ಗೆ ಕಳಿಸುತ್ತಾರೆ. ಅಲ್ಲೂ ಜೋರು ಎಸೆತವೇ, ವಾಸಿಯಾಗುವ ಮೂಳೆ ಮತ್ತೆ ಜಗ್ಗುತ್ತದೆ. ಇನ್ನು ಐಬುಪ್ರೊಫೇನ್ ಕೊಟ್ಟು ಸೀಸನ್ ಮುಗಿಸುವ ದಾರಿ. ಆಟಕ್ಕೆ ಮುಂಚೆ ಮಾತ್ರೆ ಕೊಟ್ಟರೆ ನಿಲ್ಲು ಅನ್ನುವ ಒಂದೇ ಸೂಚನೆಯನ್ನೂ ಮುಚ್ಚಿದ ಹಾಗೆ. ಇದಂತೂ ಖಂಡಿತ ಬೇಡ. ಸ್ಟೀರಾಯ್ಡ್ ಇಂಜೆಕ್ಷನ್ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ವೇಗ ಹೆಚ್ಚಿಸಲು ಭಾರದ ಚೆಂಡು ಎಸೆಯುವ ತರಬೇತಿಯೂ ಈಗ ಜೋರಾಗಿದೆ. 2018ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಆರು ವಾರ ಹಾಗೆ ಎಸೆದ 13ರಿಂದ 18ರ ಹುಡುಗರ ವೇಗ ಹೆಚ್ಚಿತು, ಜೊತೆಗೆ ಅವರಲ್ಲಿ 24 ಶೇಕಡಾ ಮಂದಿಗೆ ಗಾಯವಾಯಿತು. ನಿಮ್ಮ ಮಗನ ವಯಸ್ಸಿಗೆ ಅದು ಸಲ್ಲದು.

ಮೊಣಕೈ ಒಂದೇ ಅಲ್ಲ, ಭುಜದ ಮೇಲ್ತುದಿಯ ಗ್ರೋತ್ ಪ್ಲೇಟ್‌ಗೂ ಇದೇ ಪಾಡು. ಎಸೆಯುವಾಗ ಭುಜದ ಹೊರಗೆ ನೋವು ಅಂದರೆ ಅದಕ್ಕೂ ಇದೇ ನಿಯಮ. ಬೇಸ್‌ಗೆ ಜಾರುವಾಗ ಬೆರಳು, ಪಾದದ ಕೀಲು, ಭುಜ ಹೋಗುತ್ತವೆ. 2024ರ ಮೇಜರ್ ಲೀಗ್ ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ ಓಹ್ಟಾನಿ ಎಡ ಭುಜ ಜಾರಿಸಿಕೊಂಡಿದ್ದು ಹೀಗೆಯೇ. ಮಕ್ಕಳಿಗೆ ಕಾಲು ಮುಂದಾಗಿ ಜಾರಲು ಕಲಿಸಲಿ. ಇನ್ನೊಂದು ಮಾತು ಅಪರೂಪದ್ದು, ಆದರೆ ಹೇಳದಿದ್ದರೆ ತಪ್ಪಾಗುತ್ತದೆ. ಚೆಂಡು ಎದೆಗೆ ಸರಿಯಾದ ಕ್ಷಣದಲ್ಲಿ ಬಡಿದರೆ ಆರೋಗ್ಯವಂತ ಹುಡುಗನ ಹೃದಯವೂ ಲಯ ತಪ್ಪಿ ನಿಲ್ಲಬಹುದು. ಎದೆ ಒತ್ತುತ್ತಲೇ ಬೇಗ ಶಾಕ್ ಕೊಟ್ಟರೆ ಬದುಕುತ್ತಾರೆ. ನಿಮ್ಮ ಮೈದಾನದಲ್ಲಿ ಆ ಶಾಕ್ ಕೊಡುವ ಎಇಡಿ ಯಂತ್ರ ಎಲ್ಲಿದೆ ಅಂತ ಈ ಶನಿವಾರವೇ ಕೇಳಿ ತಿಳಿದುಕೊಳ್ಳಿ.

ಆಗಸ್ಟ್ ಟೂರ್ನಮೆಂಟ್ ವಿಷಯ. ಈಗ ಏಪ್ರಿಲ್ ಕೊನೆ. ಎಕ್ಸ್‌-ರೇಯಲ್ಲಿ ಕೆಟ್ಟದ್ದು ಕಾಣದಿದ್ದರೆ, ಇವತ್ತೇ ನಿಲ್ಲಿಸಿದರೆ, ಜೂನ್ ನಡುವೆ ಮೆಲ್ಲಗೆ ಎಸೆಯಲು ಶುರು ಮಾಡಬಹುದು. ಆಗಸ್ಟ್ ಹೊತ್ತಿಗೆ ಬ್ಯಾಟಿಂಗ್‌ಗೆ, ಎಸೆತ ಕಡಿಮೆ ಇರುವ ಮೊದಲ ಬೇಸ್‌ಗೆ ಸಿದ್ಧವಾಗಿರುತ್ತಾನೆ. ನೋವಿಲ್ಲದಿದ್ದರೆ, ಡಾಕ್ಟರು ಒಪ್ಪಿದರೆ, ಬ್ಯಾಟಿಂಗ್ ಅದಕ್ಕಿಂತ ಮೊದಲೇ ಶುರುವಾಗಬಹುದು. ಪಿಚಿಂಗ್ ಮಾತ್ರ ಆ ಟೂರ್ನಮೆಂಟ್‌ನ ಲೆಕ್ಕದಲ್ಲಿ ಇಟ್ಟುಕೊಳ್ಳಬೇಡಿ. ಎರಡು ಟೀಮುಗಳಲ್ಲಿ ಒಂದನ್ನು ಬಿಡಿ. ಯಾವುದು ಅಂತ ಮಗನೇ ಹೇಳಲಿ. ಕೋಚ್‌ಗೆ ನೀವು ವಾದ ಮಾಡಬೇಕಿಲ್ಲ, ಡಾಕ್ಟರ ಚೀಟಿ ತೋರಿಸಿದರೆ ಸಾಕು. ಎಕ್ಸ್‌-ರೇ ವರದಿ ಬಂದ ಮೇಲೆ ಅದರಲ್ಲಿ ಏನು ಬರೆದಿದೆ ಅಂತ ನನಗೆ ಬರೆಯಿರಿ.